ಮೋಟಾರು ದೋಣಿಯ ವೇಗಮಾಪಕ: ರಚನೆ, ದೋಷಗಳು ಮತ್ತು ದೋಷಶೋಧನೆ

ಮೋಟಾರು ದೋಣಿಯ ವೇಗಮಾಪಕವೆಂದರೆ, ಎಂಜಿನ್ನಿನ ಬಲದಿಂದ ನೀರಿನ ಮೇಲೆ ಚಲಿಸುವ ಸಣ್ಣ ಯಾನದ ವೇಗವನ್ನು ಚಾಲಕನ ಮುಂದಿನ ಫಲಕದಲ್ಲಿ ಒಡನೊಡನೆ ತೋರಿಸುವ ಉಪಕರಣ. ನೆಲದ ಮೇಲೆ ಓಡುವ ಬಂಡಿಯಲ್ಲಿ ಚಕ್ರವು ರಸ್ತೆಯನ್ನು ಬಿಡದೆ ಉರುಳುವುದರಿಂದ ಅದರ ಸುತ್ತುಗಳನ್ನು ಎಣಿಸಿದರೆ ವೇಗವು ತಿಳಿದುಬರುತ್ತದೆ. ದೋಣಿಗಾದರೋ ಅಂತಹ ಆಸರೆಯಿಲ್ಲ, ಏಕೆಂದರೆ ಅದನ್ನು ತಳ್ಳುವ ಪ್ರೊಪೆಲ್ಲರು ನೀರಿನಲ್ಲಿ ಸ್ವಲ್ಪ ಜಾರುತ್ತಲೇ ತಿರುಗುತ್ತದೆ, ಮತ್ತು ಆ ನೀರೂ ತನ್ನಷ್ಟಕ್ಕೆ ತಾನು ಹರಿಯುತ್ತಿರಬಹುದು. ಆದುದರಿಂದ ದೋಣಿಯ ವೇಗಮಾಪಕಗಳೆಲ್ಲವೂ ಬೇರೊಂದು ರಾಶಿಯನ್ನು, ಎಂದರೆ ನೀರಿನ ಒತ್ತಡವನ್ನೋ ಪುಟ್ಟ ಗಾಲಿಯೊಂದರ ಸುತ್ತುಗಳನ್ನೋ ಉಪಗ್ರಹದ ಸಂಕೇತವನ್ನೋ ಅಳೆದು, ಅದನ್ನು ವೇಗವಾಗಿ ಪರಿವರ್ತಿಸಿ ತೋರಿಸುವ ಪರೋಕ್ಷ ಸಾಧನಗಳೇ ಆಗಿವೆ. ಈ ಪರಿವರ್ತನೆಯ ದಾರಿಯಲ್ಲಿ ಎಲ್ಲಿ ತಡೆಯುಂಟಾಯಿತು ಎಂಬುದನ್ನು ಕ್ರಮವಾಗಿ ಹುಡುಕುವುದೇ ವೇಗಮಾಪಕದ ದೋಷಶೋಧನೆ.

ಪ್ರಸ್ತುತ ಲೇಖನದಲ್ಲಿ ನೀರಿನೊಳಗಿದ್ದು ಅಳತೆಯನ್ನು ಸ್ವೀಕರಿಸುವ ಭಾಗಕ್ಕೆ ಗ್ರಾಹಕವೆಂದೂ, ಅಲ್ಲಿಂದ ಮುಂದಕ್ಕೆ ಒಯ್ಯುವ ಕೊಳವೆ ಅಥವಾ ತಂತಿಗೆ ವಾಹಕವೆಂದೂ, ಚಾಲಕನ ಮುಂದಿರುವ ಮುಳ್ಳು ಮತ್ತು ಅಂಕಫಲಕಗಳುಳ್ಳ ಭಾಗಕ್ಕೆ ಸೂಚಕವೆಂದೂ ಹೆಸರಿಸಲಾಗಿದೆ. ನೀರಿಗೆ ಹೋಲಿಸಿದ ವೇಗವು ಜಲಸಾಪೇಕ್ಷ ವೇಗ. ನೆಲಕ್ಕೆ ಹೋಲಿಸಿದುದು ಭೂಸಾಪೇಕ್ಷ ವೇಗ. ಗಂಟೆಗೆ 4 ಕಿಲೋಮೀಟರು ಹರಿಯುವ ನದಿಯಲ್ಲಿ 20 ಕಿಲೋಮೀಟರು ಜಲಸಾಪೇಕ್ಷ ವೇಗದಿಂದ ಸಾಗುವ ದೋಣಿಯು ಪ್ರವಾಹದೊಡನೆ ಹೋಗುವಾಗ ದಡದಲ್ಲಿರುವವನ ಲೆಕ್ಕಕ್ಕೆ 24 ಕಿಲೋಮೀಟರನ್ನೂ ಎದುರಾಗಿ ಬರುವಾಗ 16 ಕಿಲೋಮೀಟರನ್ನೂ ಕ್ರಮಿಸುತ್ತದೆ. ಈ ಭೇದವನ್ನರಿಯದೆ, ದೋಷವೇ ಇಲ್ಲದ ಉಪಕರಣವನ್ನು ಬಿಚ್ಚಿ ಕೆಡಿಸುವುದು ಅಪರೂಪವಲ್ಲ.

ಏಕಮಾನಗಳು

ಸಮುದ್ರಯಾನದಲ್ಲಿ ವೇಗದ ಏಕಮಾನ ನಾಟ್. ಗಂಟೆಗೆ ಒಂದು ನಾವಿಕ ಮೈಲಿಯ ವೇಗವೇ ಒಂದು ನಾಟ್. ನಾವಿಕ ಮೈಲಿಯ ಉದ್ದವನ್ನು 1929ರಲ್ಲಿ ಮೊನಾಕೋದಲ್ಲಿ ನಡೆದ ಅಂತಾರಾಷ್ಟ್ರೀಯ ಜಲವಿಜ್ಞಾನ ಸಮ್ಮೇಳನವು 1,852 ಮೀಟರುಗಳೆಂದು ಗೊತ್ತುಪಡಿಸಿತು. ಅಮೆರಿಕ ಸಂಯುಕ್ತ ಸಂಸ್ಥಾನಗಳ ಒಳನಾಡಿನ ಸರೋವರಗಳಲ್ಲಿ ಓಡುವ ವಿಹಾರದೋಣಿಗಳ ಸೂಚಕಗಳಲ್ಲಿ ಬಹುಮಟ್ಟಿಗೆ ನೆಲದ ಮೈಲಿಯೇ ಅಚ್ಚಾಗಿರುತ್ತದೆ. ಗಂಟೆಗೆ 30 ನೆಲದ ಮೈಲಿಗಳೆಂದರೆ ಸುಮಾರು 26 ನಾಟ್, ಅಥವಾ 48 ಕಿಲೋಮೀಟರು. ಸೂಚಕವು ಒಂದು ಏಕಮಾನದಲ್ಲಿಯೂ ಹೋಲಿಕೆಗೆ ತಂದ ಉಪಗ್ರಹ ಯಂತ್ರವು ಮತ್ತೊಂದರಲ್ಲಿಯೂ ಇದ್ದಾಗ ಕಾಣುವ ನೂರಕ್ಕೆ ಹದಿನೈದರಷ್ಟು ಅಂತರವು ದೋಷವೆಂದು ಎಣಿಸಲ್ಪಡುವುದುಂಟು.

ಉಗಮ ಮತ್ತು ಬೆಳವಣಿಗೆ

ಹಡಗಿನ ವೇಗವನ್ನು ಅಳೆಯುವ ಅತಿ ಹಳೆಯ ಸಾಧನಗಳಲ್ಲಿ ಪ್ರಸಿದ್ಧವಾದುದು ಲಾಗ್ ಎಂಬ ಮರದ ತುಂಡು. ಅದರ ವರ್ಣನೆಯು 1574ರಲ್ಲಿ ಪ್ರಕಟವಾದ ವಿಲಿಯಂ ಬೋರ್ನ್‌ನ ನೌಕಾಶಾಸ್ತ್ರಗ್ರಂಥದಲ್ಲಿ ದೊರೆಯುತ್ತದೆ. ಒಂದು ಅಂಚಿಗೆ ಸೀಸದ ಭಾರ ಸೇರಿಸಿದ ಹಲಗೆಯನ್ನು ಹಗ್ಗಕ್ಕೆ ಕಟ್ಟಿ ಹಡಗಿನ ಹಿಂದೆ ಬಿಟ್ಟರೆ ಅದು ನೀರಿನಲ್ಲಿ ಹೆಚ್ಚುಕಡಮೆ ನಿಂತಲ್ಲೇ ನಿಲ್ಲುವುದು. ಹಡಗು ಮುಂದಕ್ಕೆ ಸಾಗಿದಂತೆ ಹಗ್ಗವು ಬಿಚ್ಚಿಕೊಳ್ಳುವುದು. ನಿಯತಕಾಲದಲ್ಲಿ ಕೈಯಿಂದ ಜಾರಿದ ಗಂಟುಗಳೆಷ್ಟೋ ಅಷ್ಟು ನಾಟ್ ವೇಗವೆಂದು ನಾವಿಕರು ಎಣಿಸುತ್ತಿದ್ದರು. ಅನಂತರದ ಕಾಲದಲ್ಲಿ ನೆಲೆಗೊಂಡ ಪದ್ಧತಿಯಂತೆ ಗಂಟುಗಳ ನಡುವಣ ಅಂತರ 47 ಅಡಿ 3 ಅಂಗುಲ, ಮರಳುಗಡಿಯಾರದ ಅವಧಿ 28 ಸೆಕೆಂಡು. ಈ ಎರಡು ಸಂಖ್ಯೆಗಳನ್ನು ಭಾಗಿಸಿ ನೋಡಿದರೆ ಇಂದಿನ ನಾಟ್‌ಗೆ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣದು.

ಹತ್ತೊಂಬತ್ತನೆಯ ಶತಮಾನದಲ್ಲಿ ಹಗ್ಗದ ತುದಿಗೆ ತಿರುಗುವ ರೆಕ್ಕೆಗಳನ್ನು ಕಟ್ಟಿ ಸುತ್ತುಗಳನ್ನು ಹಲ್ಲುಚಕ್ರಗಳಿಂದ ಎಣಿಸುವ ಯಾಂತ್ರಿಕ ಲಾಗ್‌ಗಳು ಬಂದುವು. ಎಡ್ವರ್ಡ್ ಮ್ಯಾಸಿಯು 1802ರಲ್ಲಿಯೂ ತಾಮಸ್ ವಾಕರನು 1861ರಲ್ಲಿಯೂ ಪೇಟೆಂಟು ಪಡೆದ ಉಪಕರಣಗಳು ಇವುಗಳಲ್ಲಿ ಮುಖ್ಯವಾದುವು. ಇಂದಿನ ಗಾಲಿ ಬಗೆಯ ವೇಗಮಾಪಕವು ಇವುಗಳ ಸಂತತಿ.

ಒತ್ತಡದ ಬಗೆಯ ವಂಶಾವಳಿಯೇ ಬೇರೆ. ಫ್ರಾನ್ಸಿನ ಆಂರಿ ಪಿಟೋ ಎಂಬ ಎಂಜಿನಿಯರು 1732ರಲ್ಲಿ, ತುದಿಯನ್ನು ಬಗ್ಗಿಸಿದ ಗಾಜಿನ ನಳಿಕೆಯೊಂದನ್ನು ಪ್ಯಾರಿಸ್ಸಿನ ಸೇನ್ ನದಿಯಲ್ಲಿ ಪ್ರವಾಹಕ್ಕೆ ಎದುರಾಗಿ ಹಿಡಿದು, ನಳಿಕೆಯೊಳಗೆ ನೀರು ಏರಿದ ಎತ್ತರದಿಂದ ಹೊಳೆಯ ವೇಗವನ್ನು ಗಣಿಸುವ ಮಾರ್ಗವನ್ನು ಕಂಡುಹಿಡಿದನು. ಅದೇ ದೇಶದ ಯೂಜೀನ್ ಬೂರ್ದಾನನು 1849ರಲ್ಲಿ ಪೇಟೆಂಟು ಪಡೆದ ಒತ್ತಡಮಾಪಕವು, ಬಾಗಿದ ಚಪ್ಪಟೆ ಲೋಹನಳಿಕೆಯು ಒಳಗಿನ ಒತ್ತಡ ಹೆಚ್ಚಿದಂತೆ ನೆಟ್ಟಗಾಗಲೆಳಸುವ ಗುಣವನ್ನು ಅವಲಂಬಿಸಿದುದು. ಹೊಳೆಯನ್ನು ಅಳೆಯಲೆಂದು ಹುಟ್ಟಿದ ನಳಿಕೆಯೂ ಆವಿಯಂತ್ರಗಳ ಯುಗದ ಈ ಮಾಪಕವೂ ಸೇರಿ ದೋಣಿಯ ಒತ್ತಡ ವೇಗಮಾಪಕವಾಯಿತು.

ಇಂತಹ ಉಪಕರಣದ ಅಗತ್ಯವಾದರೋ ಮೋಟಾರು ದೋಣಿಯ ಹುಟ್ಟಿನ ತರುವಾಯವೇ ಉಂಟಾದುದು. ಜರ್ಮನಿಯ ಗಾಟ್ಲೀಬ್ ಡೈಮ್ಲರನು 1886ರಲ್ಲಿ ನೆಕರ್ ನದಿಯಲ್ಲಿ ಪೆಟ್ರೋಲ್ ಎಂಜಿನ್ನಿನ ದೋಣಿಯನ್ನು ನಡೆಸಿದನು. ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದ ಮಿಲ್ವಾಕಿಯಲ್ಲಿ ಓಲೆ ಎವಿನ್‌ರೂಡನು 1909ರಲ್ಲಿ ಮಾರುಕಟ್ಟೆಗೆ ತಂದ, ದೋಣಿಯ ಹಿಂಗೋಡೆಗೆ ತಗುಲಿಹಾಕುವ ಔಟ್‌ಬೋರ್ಡ್ ಎಂಜಿನ್ನು ಸಾಮಾನ್ಯರ ಕೈಗೆ ವೇಗವನ್ನು ಒದಗಿಸಿತು. ಎಂಜಿನ್ನು ದೋಣಿಯ ಒಳಗಿದ್ದು ಗೇರುಪೆಟ್ಟಿಗೆ ಮಾತ್ರ ಹಿಂಗೋಡೆಯ ಹೊರಗಿರುವ ಸ್ಟರ್ನ್‌ಡ್ರೈವ್ ಎಂಬ ವ್ಯವಸ್ಥೆಯನ್ನು ಸ್ವೀಡನ್ನಿನ ವೋಲ್ವೋ ಪೆಂಟಾ ಸಂಸ್ಥೆಯು 1959ರಲ್ಲಿ ಬಳಕೆಗೆ ತಂದಿತು.

ರಚನೆ ಮತ್ತು ಕಾರ್ಯತತ್ತ್ವ

ಒತ್ತಡ ವೇಗಮಾಪಕದಲ್ಲಿ ಗ್ರಾಹಕವೆಂದರೆ ಮುಂದಕ್ಕೆ ಮುಖಮಾಡಿದ ಒಂದು ಸಣ್ಣ ರಂಧ್ರವಷ್ಟೆ. ಅದು ಹಿಂಗೋಡೆಯ ಕೆಳಅಂಚಿನಲ್ಲಿ ತಿರುಪಿನಿಂದ ಬಿಗಿದ ಪ್ಲಾಸ್ಟಿಕ್ಕಿನ ತೋಳಿನಲ್ಲಿರಬಹುದು, ಅಥವಾ ಔಟ್‌ಬೋರ್ಡ್ ಇಲ್ಲವೆ ಸ್ಟರ್ನ್‌ಡ್ರೈವ್ ಗೇರುಪೆಟ್ಟಿಗೆಯ ಮುಂಚೂಣಿಯಲ್ಲಿಯೇ ಕೊರೆಯಲ್ಪಟ್ಟಿರಬಹುದು. ದೋಣಿ ಓಡುವಾಗ ಈ ರಂಧ್ರದ ಬಾಯಿಗೆ ಬಂದು ತಗಲಿ ನಿಂತುಹೋಗುವ ನೀರು ತನ್ನ ಚಲನಶಕ್ತಿಯನ್ನು ಒತ್ತಡವಾಗಿ ಬಿಟ್ಟುಕೊಡುತ್ತದೆ. ಆ ಒತ್ತಡವು ನೀರಿನ ಸಾಂದ್ರತೆಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದಷ್ಟು. ಸಿಹಿನೀರಿನಲ್ಲಿ ಗಂಟೆಗೆ 20 ಕಿಲೋಮೀಟರು ವೇಗಕ್ಕೆ ಇದು ಸುಮಾರು 15 ಕಿಲೋಪಾಸ್ಕಲ್, 40ಕ್ಕೆ 62, 60ಕ್ಕೆ 139, 80ಕ್ಕೆ 247. ವೇಗವು ನಾಲ್ಕು ಪಟ್ಟಾದಾಗ ಒತ್ತಡವು ಹದಿನಾರು ಪಟ್ಟಾಗುವುದರಿಂದ ಅಂಕಫಲಕದ ಕೆಳವೇಗದ ಗೆರೆಗಳು ಒಂದಕ್ಕೊಂದು ಒತ್ತಿಕೊಂಡು, ಮೇಲುವೇಗದವು ದೂರದೂರ ಹರಡಿಕೊಂಡಿರುತ್ತವೆ. ಮತ್ತು ನಿಧಾನವಾಗಿ ಸಾಗುವ ದೋಣಿಯಲ್ಲಿ ಮುಳ್ಳು ಅಲುಗಾಡದಿರುವುದು ಈ ಬಗೆಯ ಸ್ವಭಾವವೇ ಹೊರತು ದೋಷವಲ್ಲ. ಸಮುದ್ರದ ನೀರು ಸಿಹಿನೀರಿಗಿಂತ ನೂರಕ್ಕೆ ಎರಡೂವರೆ ಪಾಲು ಹೆಚ್ಚು ಸಾಂದ್ರವಾಗಿದ್ದರೂ ವೇಗದ ಎಣಿಕೆಯಲ್ಲಿ ಅದರಿಂದಾಗುವ ಅಂತರ ನೂರಕ್ಕೆ ಒಂದೂಕಾಲರಷ್ಟೇ ಆದ್ದರಿಂದ ಅದನ್ನು ಗಣನೆಗೆ ತರುವ ಕಾರಣವಿಲ್ಲ.

ವಾಹಕವು ಸಣ್ಣ ಒಳವ್ಯಾಸದ ಪ್ಲಾಸ್ಟಿಕ್ ಕೊಳವೆ. ಅದರಲ್ಲಿ ಪೂರ್ತಿಯಾಗಿ ನೀರು ತುಂಬಿರುವುದೆಂಬ ಭಾವನೆ ಸಾಮಾನ್ಯವಾಗಿದ್ದರೂ ವಾಸ್ತವವಾಗಿ ಸುಸ್ಥಿತಿಯಲ್ಲಿರುವ ಕೊಳವೆಯ ಮೇಲುಭಾಗದಲ್ಲಿ ಗಾಳಿಯು ಸೆರೆಯಾಗಿರುತ್ತದೆ. ಕೆಳಗಿನಿಂದ ನುಗ್ಗುವ ನೀರು ಆ ಗಾಳಿಯನ್ನು ಒತ್ತುತ್ತದೆ, ಒತ್ತಲ್ಪಟ್ಟ ಗಾಳಿಯು ಸೂಚಕದೊಳಗಿನ ಬೂರ್ದಾನ್ ನಳಿಕೆಯನ್ನು ಹಿಗ್ಗಿಸುತ್ತದೆ. ಗಂಟೆಗೆ 48 ಕಿಲೋಮೀಟರು ವೇಗದಲ್ಲಿ ಉಂಟಾಗುವ ಸುಮಾರು 90 ಕಿಲೋಪಾಸ್ಕಲ್ ಒತ್ತಡಕ್ಕೆ ಗಾಳಿಯ ಗಾತ್ರವು ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುವುದು. ಎಂದರೆ ಕೊಳವೆಯ ಉಳಿದರ್ಧಕ್ಕೆ ನೀರು ಏರುವುದು. ಕೆಳಗೆ ವರ್ಣಿತವಾಗಿರುವ ದೋಷಲಕ್ಷಣಗಳಲ್ಲಿ ಹಲವನ್ನು ಈ ಒಂದು ಸಂಗತಿಯೇ ವಿವರಿಸುತ್ತದೆ.

ಪ್ರಭೇದಗಳು

ಒತ್ತಡ ಬಗೆಯ ಹೊರತಾಗಿ ಬಳಕೆಯಲ್ಲಿರುವ ಪ್ರಭೇದಗಳಲ್ಲಿ ಗಾಲಿ ವೇಗಮಾಪಕವು ಪ್ರಧಾನವಾದುದು. ದೋಣಿಯ ತಳದಲ್ಲಿ ಅಥವಾ ಹಿಂಗೋಡೆಯಲ್ಲಿ ಅಳವಡಿಸಿದ, ಅಯಸ್ಕಾಂತಗಳನ್ನು ಹುದುಗಿಸಿದ ಹಲ್ಲುಗಳುಳ್ಳ ಪುಟ್ಟ ಗಾಲಿಯೊಂದು ನೀರಿನ ಹರಿವಿಗೆ ತಿರುಗುತ್ತದೆ. ಅಯಸ್ಕಾಂತವು ಎದುರಾಗಿ ಹಾದುಹೋದಾಗಲೆಲ್ಲ ಹತ್ತಿರದ ಹಾಲ್ ಸಂವೇದಕವು ಒಂದು ವಿದ್ಯುತ್‌ಸ್ಪಂದವನ್ನು ಕಳುಹಿಸುತ್ತದೆ. ಸೂಚಕವು ಸ್ಪಂದಗಳನ್ನು ಎಣಿಸಿ ವೇಗವನ್ನು ತೋರಿಸುತ್ತದೆ. ಇಲ್ಲಿ ಸ್ಪಂದಗಳ ಸಂಖ್ಯೆಯು ವೇಗಕ್ಕೆ ನೇರ ಅನುಪಾತದಲ್ಲಿರುವುದರಿಂದ, ಒತ್ತಡ ಮಾಪಕವು ಮೌನವಾಗಿರುವ ಕೆಳವೇಗಗಳಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಮೇಲುವೇಗಗಳಲ್ಲಿ ಗಾಲಿಯ ಸುತ್ತ ಗಾಳಿಗುಳ್ಳೆಗಳು ಸೇರಿ ಎಣಿಕೆ ಕೆಡುತ್ತದೆ. ಎರಡು ಬಗೆಗಳೂ ಒಂದರ ಕೊರತೆಯನ್ನು ಇನ್ನೊಂದು ತುಂಬುವಂತಿರುವುದರಿಂದ ಕೆಲವು ದೋಣಿಗಳಲ್ಲಿ ಎರಡನ್ನೂ ಇಟ್ಟುಕೊಳ್ಳುವ ರೂಢಿಯಿದೆ.

ವಿದ್ಯುತ್ಕಾಂತ ಲಾಗ್‌ನಲ್ಲಿ ತಿರುಗುವ ಭಾಗವೇ ಇಲ್ಲ. ಕಾಂತಕ್ಷೇತ್ರದ ಮೂಲಕ ಹರಿಯುವ ನೀರಿನಲ್ಲಿ ಹುಟ್ಟುವ ಅತ್ಯಲ್ಪ ವಿದ್ಯುದ್ವಿಭವವನ್ನು ಅದು ಅಳೆಯುತ್ತದೆ. ಭೂಮಿಯ ಕಾಂತಕ್ಷೇತ್ರವನ್ನೇ ಬಳಸಿಕೊಂಡು ಥೇಮ್ಸ್ ನದಿಯ ಹರಿವಿನಿಂದ ಇಂತಹ ವಿಭವವನ್ನು ಕಾಣಲು ಮೈಕೇಲ್ ಫ್ಯಾರಡೆಯು 1832ರಲ್ಲಿ ಲಂಡನ್ನಿನ ವಾಟರ್ಲೂ ಸೇತುವೆಯ ಮೇಲಿನಿಂದ ನಡೆಸಿದ ಪ್ರಯತ್ನವು ಫಲಿಸಲಿಲ್ಲವಾದರೂ ತತ್ತ್ವವು ಸರಿಯಾದುದೇ ಆಗಿತ್ತು. ಶಬ್ದತರಂಗಗಳ ಪ್ರತಿಧ್ವನಿಯಿಂದ ವೇಗವನ್ನರಿಯುವ ಡಾಪ್ಲರ್ ಲಾಗ್‌ಗಳು ದೊಡ್ಡ ಹಡಗುಗಳ ಪರಿಕರ.

ಉಪಗ್ರಹ ವೇಗಮಾಪಕವು ಇವೆಲ್ಲಕ್ಕಿಂತ ಮೂಲತಃ ಭಿನ್ನ. ಅದು ಭೂಸಾಪೇಕ್ಷ ವೇಗವನ್ನು ತೋರಿಸುತ್ತದೆ. ಅದಕ್ಕೆ ನೀರಿನ ಸಂಪರ್ಕವೇ ಬೇಕಿಲ್ಲ.

ದೋಷಗಳು ಮತ್ತು ಅವುಗಳ ಲಕ್ಷಣಗಳು

ಒತ್ತಡ ಬಗೆಯಲ್ಲಿ ಅತ್ಯಂತ ಸಾಮಾನ್ಯವಾದ ದೋಷವು ಗ್ರಾಹಕರಂಧ್ರದ ಮುಚ್ಚುವಿಕೆ. ಮರಳಿನ ದಡಕ್ಕೆ ಮುಖ ತಾಗಿಸಿದ ಗೇರುಪೆಟ್ಟಿಗೆಯ ರಂಧ್ರದೊಳಕ್ಕೆ ನುಗ್ಗಿದ ಮರಳು, ಅನಂತರದ ಓಟದಲ್ಲಿ ಎದುರುನೀರಿನ ಒತ್ತಡದಿಂದಲೇ ಗಟ್ಟಿಯಾಗಿ ದಮ್ಮಸುಗೊಳ್ಳುತ್ತದೆ. ಕೆಸರು, ಜಲಸಸ್ಯದ ನಾರು, ಉಪ್ಪುನೀರಿನಲ್ಲಿ ಬಾರ್ನಕಲ್ ಎಂಬ ಅಂಟಿಕೊಳ್ಳುವ ಚಿಪ್ಪುಜೀವಿ, ಗೇರುಪೆಟ್ಟಿಗೆಗೆ ಹೊಸದಾಗಿ ಬಳಿದ ಬಣ್ಣ, ದೋಣಿಯನ್ನು ದಡದಲ್ಲಿ ಇಟ್ಟಿದ್ದ ತಿಂಗಳುಗಳಲ್ಲಿ ಗೂಡುಕಟ್ಟಿದ ಕೀಟ, ಇವೆಲ್ಲವೂ ಅದೇ ಫಲವನ್ನುಂಟುಮಾಡುತ್ತವೆ. ರಂಧ್ರವು ಪೂರ್ತಿ ಮುಚ್ಚಿದ್ದರೆ ಮುಳ್ಳು ಶೂನ್ಯದಿಂದ ಮೇಲೇಳುವುದಿಲ್ಲ. ಅರೆಮುಚ್ಚಿದ್ದರೆ ಅದು ತಡವಾಗಿ ಏರಿ ತಡವಾಗಿ ಇಳಿಯುತ್ತದೆ. ಆದರೆ ಸಾಕಷ್ಟು ಹೊತ್ತು ಒಂದೇ ವೇಗದಲ್ಲಿ ಓಡಿದರೆ ಕಡೆಗೆ ಸರಿಯಾದ ಅಂಕವನ್ನೇ ಮುಟ್ಟುತ್ತದೆ. ಏಕೆಂದರೆ ಕೊಳವೆಯು ಬಿಗಿಯಾಗಿರುವ ಪಕ್ಷದಲ್ಲಿ ಕಿರಿದಾದ ದಾರಿಯು ಒತ್ತಡವನ್ನು ತಡಮಾಡಬಲ್ಲದೇ ಹೊರತು ಕಡಮೆ ಮಾಡಲಾರದು. ಮುಳ್ಳು ಒಂದು ಅಂಕದವರೆಗೆ ಏರಿ ದೋಣಿ ನಿಂತ ಮೇಲೂ ಅಲ್ಲಿಯೇ ಉಳಿದರೆ, ಒತ್ತಡವು ಒಳಗೆ ಸಿಕ್ಕಿಕೊಂಡಿದೆ ಎಂದಾಗಲಿ ಸೂಚಕದ ಯಂತ್ರವೇ ಬಿಗಿದುಕೊಂಡಿದೆ ಎಂದಾಗಲಿ ಅರ್ಥ. ಕೊಳವೆಯನ್ನು ಸೂಚಕದಿಂದ ಕಳಚಿದೊಡನೆ ಮುಳ್ಳು ಬಿದ್ದರೆ ಮೊದಲನೆಯದು, ಬೀಳದಿದ್ದರೆ ಎರಡನೆಯದು.

ಎಲ್ಲ ವೇಗಗಳಲ್ಲಿಯೂ ಅಂಕವು ಕಡಮೆ ಬರುತ್ತಿದ್ದರೆ ಕೊಳವೆಯಲ್ಲಿ ಸೋರಿಕೆಯನ್ನು ಶಂಕಿಸಬೇಕು. ಬಿಸಿಲಿಗೆ ಗಡುಸಾಗಿ ಬಿರಿದ ಕೊಳವೆ, ಸಡಿಲಗೊಂಡ ಸೇರುವೆ, ಎಂಜಿನ್ನು ಎಡಬಲಕ್ಕೆ ತಿರುಗುವೆಡೆಯಲ್ಲಿ ಸವೆದ ಭಾಗ, ಇವು ಸೋರಿಕೆಯ ಸ್ಥಾನಗಳು. ಸೋರಿಕೆಯ ನಿಶ್ಚಿತವಾದ ಗುರುತೊಂದುಂಟು: ಮೇಲೆ ಹೇಳಿದ ಸೆರೆಗಾಳಿಯು ಬಿರುಕಿನ ಮೂಲಕ ಹೊರಟುಹೋದಾಗ ನೀರು ತಡೆಯಿಲ್ಲದೆ ಮೇಲೇರಿ ಸೂಚಕದವರೆಗೂ ಬರುತ್ತದೆ. ಫಲಕದ ಹಿಂದೆ ತೇವ ಕಂಡರೆ, ಅಥವಾ ಅಂಕಫಲಕದ ಗಾಜಿನೊಳಗೆ ಹನಿಗಳು ಕಟ್ಟಿದ್ದರೆ, ಸೋರಿಕೆಯು ಮೇಲುತುದಿಯ ಸಮೀಪದಲ್ಲಿದೆಯೆಂದು ತಿಳಿಯತಕ್ಕದ್ದು.

ಕೆಳವೇಗಗಳಲ್ಲಿ ಮಾತ್ರ ಕಡಮೆ ತೋರಿಸಿ ಮೇಲುವೇಗಗಳಲ್ಲಿ ಸರಿಹೋಗುವ ಉಪಕರಣದಲ್ಲಿ ಕೊಳವೆಯೊಳಗೆ ನೀರಿನ ಕಂಬವು ನಿಂತಿರುವ ಸಂಭವವೇ ಹೆಚ್ಚು. ಒಂದು ಮೀಟರು ಎತ್ತರದ ನೀರಿನ ಕಂಬವು ತನ್ನ ಭಾರದಿಂದ ಸುಮಾರು 9.8 ಕಿಲೋಪಾಸ್ಕಲ್ ಒತ್ತಡವನ್ನು ನುಂಗುತ್ತದೆ. ಗಂಟೆಗೆ 20 ಕಿಲೋಮೀಟರಿನಲ್ಲಿ ದೊರೆಯುವ 15ರಲ್ಲಿ ಇದು ಹೆಚ್ಚಿನ ಪಾಲು, 80ರಲ್ಲಿ ದೊರೆಯುವ 247ರಲ್ಲಿ ನಗಣ್ಯ. ಚಳಿಯ ದೇಶಗಳಲ್ಲಿ ಹೀಗೆ ಉಳಿದ ನೀರು ಹೆಪ್ಪುಗಟ್ಟಿ ಕೊಳವೆಯನ್ನೂ ಸೂಚಕದ ನಳಿಕೆಯನ್ನೂ ಒಡೆಯುವುದುಂಟು.

ಮುಳ್ಳು ನಡುಗುತ್ತಿದ್ದರೆ, ಅಥವಾ ವೇಗ ಹೆಚ್ಚಿದಂತೆ ಒಮ್ಮೆಲೆ ಕುಸಿದರೆ, ರಂಧ್ರಕ್ಕೆ ಗಾಳಿ ಬೆರೆತ ನೀರು ಬರುತ್ತಿದೆ ಎಂದು ಅರ್ಥ. ಹಿಂಗೋಡೆಯ ಗ್ರಾಹಕವು ತಳದ ಏಣುಗಳ ಅಥವಾ ತಿರುಪುಗಳ ಹಿಂದೆ ಬಿದ್ದಾಗಲೂ, ಬಹಳ ಮೇಲಕ್ಕೆ ಕೂರಿಸಲ್ಪಟ್ಟಾಗಲೂ ಹೀಗಾಗುತ್ತದೆ. ತೇಲುವ ಕೊರಡು ಬಡಿದಾಗ ಮುರಿಯದಿರಲೆಂದು ಈ ತೋಳುಗಳನ್ನು ಹಿಂದಕ್ಕೆ ಮಡಚಿಕೊಳ್ಳುವಂತೆ ರಚಿಸಿರುತ್ತಾರೆ; ಮಡಚಿದ ತೋಳನ್ನು ಮತ್ತೆ ಇಳಿಸಲು ಮರೆತುದೇ ದೋಷವಾಗಿ ಪರಿಣಮಿಸುವುದು ವಿರಳವಲ್ಲ.

ಗಾಲಿ ಬಗೆಯಲ್ಲಿ ಪಾಚಿ, ಮೀನಿನ ಗಾಳದ ನೂಲು ಮತ್ತು ಚಿಪ್ಪುಜೀವಿಗಳು ಗಾಲಿಯನ್ನು ಬಿಗಿಯುವುದು ಮೊದಲನೆಯ ದೋಷ. ಅಚ್ಚು ಸವೆದು ಗಾಲಿಯು ಓರೆಯಾಗಿ ಉಜ್ಜುವುದು ಎರಡನೆಯದು. ಉಳಿದವು ವಿದ್ಯುತ್ತಿಗೆ ಸಂಬಂಧಿಸಿದುವು: ಹಸುರು ಕಿಲುಬು ಹಿಡಿದ ತಂತಿಯ ಜೋಡಣೆ, ತುಂಡಾದ ತಂತಿ, ಸತ್ತ ಸಂವೇದಕ. ಉಪಗ್ರಹ ಬಗೆಯಲ್ಲಿ ಆಂಟೆನಾವು ಲೋಹದ ಚಾವಣಿಯಡಿ ಇರುವುದೇ ಬಹುತೇಕ ಸಕಲ ದೋಷಗಳಿಗೂ ಮೂಲ. ಬಹುಕಾಲ ಆರಿಸಿಟ್ಟಿದ್ದ ಯಂತ್ರವು ಹೊತ್ತಿಸಿದ ಒಡನೆ ಅಂಕವನ್ನು ಕೊಡದಿರುವುದು ದೋಷವಲ್ಲ. ಜಿಪಿಎಸ್ ಉಪಗ್ರಹಗಳ ಪೂರ್ಣ ಸಂದೇಶವು ಒಮ್ಮೆ ಪ್ರಸಾರವಾಗಲು ಹನ್ನೆರಡೂವರೆ ನಿಮಿಷಗಳು ಹಿಡಿಯುತ್ತವೆ.

ದೋಷಶೋಧನೆಯ ಕ್ರಮ

ಮೊದಲು ಮಾಡತಕ್ಕುದು ದೋಷವು ಇದೆಯೇ ಎಂಬುದರ ನಿರ್ಣಯ. ಏಕಮಾನಗಳನ್ನು ಸರಿನೋಡಿಕೊಂಡು, ಉಪಗ್ರಹ ಯಂತ್ರವೊಂದನ್ನು ಕೈಯಲ್ಲಿ ಹಿಡಿದು, ಒಂದೇ ಎಂಜಿನ್ ವೇಗದಲ್ಲಿ ಎದುರುಬದುರು ದಿಕ್ಕುಗಳಲ್ಲಿ ದೋಣಿಯನ್ನು ಓಡಿಸಿ, ಎರಡು ಓಟಗಳ ಸರಾಸರಿಯೊಡನೆ ಸೂಚಕವನ್ನು ಹೋಲಿಸಬೇಕು. ಯಂತ್ರವಿಲ್ಲದಿದ್ದಲ್ಲಿ ಪ್ರೊಪೆಲ್ಲರಿನ ಗಣಿತವು ಸ್ಥೂಲವಾದ ಸಾಕ್ಷ್ಯವನ್ನು ಕೊಡುತ್ತದೆ. ಒಂದು ಸುತ್ತಿಗೆ 19 ಅಂಗುಲ ಮುನ್ನಡೆಯುವ ಪ್ರೊಪೆಲ್ಲರು, ಎರಡಕ್ಕೊಂದರ ಗೇರಿನ ಮೂಲಕ, ಎಂಜಿನ್ನು ನಿಮಿಷಕ್ಕೆ 4,800 ಸುತ್ತು ತಿರುಗುತ್ತಿರುವಾಗ ಜಾರುವಿಕೆಯಿಲ್ಲದಿದ್ದರೆ ಗಂಟೆಗೆ ಸುಮಾರು 69 ಕಿಲೋಮೀಟರು ಸಾಗಬೇಕು. ನೂರಕ್ಕೆ ಹತ್ತರಿಂದ ಹದಿನೈದರಷ್ಟು ಜಾರುವಿಕೆಯನ್ನು ಕಳೆದರೆ 59ರಿಂದ 62ರವರೆಗಿನ ಅಂಕವು ನಂಬತಕ್ಕದ್ದು. ಅದೇ ಸ್ಥಿತಿಯಲ್ಲಿ ಸೂಚಕವು 35ನ್ನು ತೋರಿಸುತ್ತಿದ್ದರೆ ದೋಷವಿದೆಯೆಂಬುದರಲ್ಲಿ ಸಂದೇಹವಿಲ್ಲ. 75ನ್ನು ತೋರಿಸುತ್ತಿದ್ದರಂತೂ ಅದು ಅಸಾಧ್ಯ.

ಎರಡನೆಯದಾಗಿ, ದೋಷದ ಕ್ಷೇತ್ರವನ್ನು ಇಬ್ಭಾಗಿಸಬೇಕು. ಎಂಜಿನ್ನನ್ನು ನಿಲ್ಲಿಸಿ, ಕೀಲಿಕೈಯನ್ನು ತೆಗೆದಿಟ್ಟು, ಸೂಚಕದ ಹಿಂಬದಿಯಿಂದ ಕೊಳವೆಯನ್ನು ಕಳಚಿ, ಸೂಚಕದ ಬಾಯಿಗೆ ಸಣ್ಣ ಕೊಳವೆಯ ತುಂಡಿನಿಂದ ವೈದ್ಯರು ಬಳಸುವ ಸಿರಿಂಜನ್ನು ಜೋಡಿಸಿ, ಒರಟುತನವಿಲ್ಲದೆ ಮೆಲ್ಲಮೆಲ್ಲನೆ ಒತ್ತಬೇಕು. ಮುಳ್ಳು ಸರಾಗವಾಗಿ ಏರಿ, ಒತ್ತಿಹಿಡಿದಷ್ಟು ಹೊತ್ತೂ ನಿಂತು, ಬಿಟ್ಟೊಡನೆ ಶೂನ್ಯಕ್ಕೆ ಇಳಿದರೆ ಸೂಚಕವು ನಿರ್ದೋಷಿ. ಏರಿ ತಾನಾಗಿ ಇಳಿದರೆ ಒಳನಳಿಕೆ ಸೋರುತ್ತಿದೆ; ಅದನ್ನು ದುರಸ್ತಿಮಾಡುವುದಕ್ಕಿಂತ ಸೂಚಕವನ್ನು ಬದಲಿಸುವುದೇ ಲೇಸು. ಒತ್ತಡಮಾಪಕವುಳ್ಳ ಕೈಪಂಪು ದೊರೆತಲ್ಲಿ ಅಂಕಗಳನ್ನೂ ಪರೀಕ್ಷಿಸಬಹುದು: 62 ಕಿಲೋಪಾಸ್ಕಲ್‌ಗೆ ಮುಳ್ಳು 40 ಕಿಲೋಮೀಟರಿನ ಹತ್ತಿರವೂ 139ಕ್ಕೆ 60ರ ಹತ್ತಿರವೂ ನಿಲ್ಲಬೇಕು. ಗ್ಯಾರೇಜುಗಳಲ್ಲಿ ಚಕ್ರಗಳಿಗೆ ಗಾಳಿ ತುಂಬುವ ಯಂತ್ರದ ಒತ್ತಡವು ಇದಕ್ಕಿಂತ ಹಲವು ಪಟ್ಟು ಹೆಚ್ಚಾದುದು. ಅದನ್ನು ಸೂಚಕಕ್ಕೆ ತೋರಿಸಿದರೆ ಒಳನಳಿಕೆ ಒಂದೇ ಕ್ಷಣದಲ್ಲಿ ಶಾಶ್ವತವಾಗಿ ಹಿಗ್ಗಿಹೋಗುತ್ತದೆ. ರಂಧ್ರವನ್ನು ಶುದ್ಧಿಮಾಡಹೊರಟು ಸೂಚಕವನ್ನು ಕೆಡಿಸುವ ಈ ಅವಘಡದಿಂದ ಪಾರಾಗಲು, ಕೊಳವೆಯನ್ನು ಸೂಚಕದಿಂದ ಕಳಚದೆ ಕೆಳಗಡೆಯಿಂದ ಎಂದಿಗೂ ಗಾಳಿ ಊದಬಾರದು.

ಸೂಚಕವು ಸರಿಯಾಗಿದ್ದರೆ ಶೋಧನೆಯು ಕೊಳವೆಯತ್ತ ತಿರುಗುತ್ತದೆ. ಕಳಚಿದ ಮೇಲುತುದಿಯಿಂದ ಬಾಯಿಯಲ್ಲಾಗಲಿ ಕೈಪಂಪಿನಿಂದಾಗಲಿ ಊದಿದಾಗ, ದೋಣಿ ನೀರಿನಲ್ಲಿದ್ದರೆ ಗ್ರಾಹಕದ ಬಳಿ ಗುಳ್ಳೆಗಳು ಏಳಬೇಕು, ದಡದಲ್ಲಿದ್ದರೆ ರಂಧ್ರದಿಂದ ಗಾಳಿ ಅಥವಾ ಉಳಿದ ನೀರು ಚಿಮ್ಮಬೇಕು. ಎಂಜಿನ್ನನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ, ಮೇಲಕ್ಕೆತ್ತಿ ಇಳಿಸಿ, ಪ್ರತಿಸಲವೂ ಊದಿ ನೋಡುವುದು ಯುಕ್ತ. ನೆಟ್ಟಗಿರುವಾಗ ತೆರೆದಿರುವ ಕೊಳವೆಯು ತಿರುವಿನಲ್ಲಿ ಹಿಸುಕಲ್ಪಡಬಹುದು. ಗಾಳಿ ಹೋಗದಿದ್ದರೆ ಗೇರುಪೆಟ್ಟಿಗೆಯ ಮೇಲಿನ ಸೇರುವೆಯಲ್ಲಿ ಕೊಳವೆಯನ್ನು ಬಿಡಿಸಿ, ತಡೆಯು ಸೇರುವೆಯಿಂದ ಮೇಲಿದೆಯೋ ಕೆಳಗಿದೆಯೋ ಎಂಬುದನ್ನು ಬೇರ್ಪಡಿಸಿಕೊಳ್ಳಬೇಕು. ಸೋರಿಕೆಯ ಪರೀಕ್ಷೆಗಾದರೆ ಗ್ರಾಹಕದ ರಂಧ್ರವನ್ನು ಬೆರಳಿನಿಂದ ಮುಚ್ಚಿ, ಮೇಲುತುದಿಯಿಂದ ಒತ್ತಡ ಕೊಟ್ಟು, ಸೇರುವೆಗಳಿಗೆ ಸಾಬೂನುನೀರು ಸವರಿದರೆ ನೊರೆಯೆದ್ದ ಜಾಗವೇ ಅಪರಾಧಿ. ಬಿರಿದ ಕೊಳವೆಗೆ ಪಟ್ಟಿ ಸುತ್ತುವುದರಿಂದ ಪ್ರಯೋಜನವಿಲ್ಲ. ಹೊಸ ಕೊಳವೆಯನ್ನೇ ಹಾಯಿಸಬೇಕು, ಹಳೆಯದರ ತುದಿಗೆ ಹೊಸದನ್ನು ಕಟ್ಟಿ ಎಳೆದರೆ ದೋಣಿಯ ಒಳಮೈಯನ್ನು ಬಿಚ್ಚುವ ಶ್ರಮವು ತಪ್ಪುತ್ತದೆ.

ರಂಧ್ರವನ್ನು ಬಿಡಿಸಲು ತೆಳುವಾದ ಗಟ್ಟಿ ತಂತಿಯಾಗಲಿ, ರಂಧ್ರಕ್ಕಿಂತ ಕಿರಿದಾದ ಬೈರಿಗೆಯ ಅಲಗನ್ನು ಬೆರಳುಗಳಿಂದ ಮೆಲ್ಲನೆ ತಿರುಗಿಸುವುದಾಗಲಿ ಸಾಕಾಗುತ್ತದೆ. ಯಂತ್ರದ ಬೈರಿಗೆಯನ್ನು ಬಳಸಿ ರಂಧ್ರವನ್ನು ಅಗಲಿಸಬಾರದು. ಸಡಿಲವಾದ ಕಸವನ್ನು ಮೇಲಿನಿಂದ ಊದಿ ಹೊರಕ್ಕೆ ತಳ್ಳಬೇಕೇ ವಿನಾ ಕೆಳಗಿನಿಂದ ಊದಿ ಒಳಕ್ಕೆ ಸೇರಿಸಬಾರದು. ಈ ಕಾರ್ಯಗಳೆಲ್ಲ ಮುಗಿದ ಮೇಲೆ ಕೊಳವೆಯಲ್ಲಿ ಉಳಿದ ನೀರನ್ನು ಪೂರ್ತಿಯಾಗಿ ಊದಿ ತೆಗೆದು ಮರುಜೋಡಿಸಿದರೆ, ಮೇಲೆ ವಿವರಿಸಿದ ಗಾಳಿಯ ಕಂಬವು ಮತ್ತೆ ಸ್ಥಾಪಿತವಾಗುತ್ತದೆ.

ಗಾಲಿ ಬಗೆಯಲ್ಲಿ ಪರೀಕ್ಷೆ ಇನ್ನೂ ಸುಲಭ: ಸೂಚಕಕ್ಕೆ ವಿದ್ಯುತ್ತನ್ನು ಹಾಯಿಸಿ, ದಡದಲ್ಲಿರುವ ದೋಣಿಯ ಗಾಲಿಯನ್ನು ಬೆರಳಿನಿಂದ ತಿರುಗಿಸಿದಾಗ ಅಂಕವು ಬಂದರೆ ವಿದ್ಯುತ್ ಭಾಗವು ಸರಿಯಿದೆ, ದೋಷವು ಗಾಲಿಯ ಸ್ಥಾನದಲ್ಲಿಯೋ ಮಾಲಿನ್ಯದಲ್ಲಿಯೋ ಇದೆ. ಅಂಕವು ಬರದಿದ್ದರೆ ಮಲ್ಟಿಮೀಟರಿನಿಂದ ಸಂವೇದಕಕ್ಕೆ ವಿದ್ಯುತ್ತು ಬರುತ್ತಿರುವುದನ್ನು ಖಚಿತಪಡಿಸಿಕೊಂಡು, ಗಾಲಿಯನ್ನು ನಿಧಾನವಾಗಿ ತಿರುಗಿಸುತ್ತ ಸಂಕೇತದ ತಂತಿಯ ವಿಭವವು ಮೇಲುಕೆಳಗಾಗುವುದೇ ಎಂದು ನೋಡಬೇಕು. ವಿಭವವು ಬದಲಾಗುತ್ತಿದ್ದರೆ ದೋಷವು ಸೂಚಕದಲ್ಲಿದೆ, ನಿಶ್ಚಲವಾಗಿದ್ದರೆ ಗ್ರಾಹಕದಲ್ಲಿದೆ. ದೋಣಿಯ ತಳವನ್ನು ಕೊರೆದು ಕೂರಿಸಿದ ಗ್ರಾಹಕವನ್ನು ನೀರಿನಲ್ಲಿರುವಾಗಲೇ ಹೊರತೆಗೆಯುವ ಪಕ್ಷದಲ್ಲಿ ಆ ರಂಧ್ರದಿಂದ ನೀರು ಬುಗ್ಗೆಯಾಗಿ ಒಳನುಗ್ಗುವುದರಿಂದ, ಅದಕ್ಕೆಂದೇ ಕೊಟ್ಟಿರುವ ಬಿರಡೆಯನ್ನು ಇನ್ನೊಂದು ಕೈಯಲ್ಲಿ ಸಿದ್ಧವಾಗಿ ಹಿಡಿದಿರತಕ್ಕದ್ದು.

ಅಂಶಶೋಧನ

ದುರಸ್ತಿಯಾದ ಉಪಕರಣದ ಅಂಕಗಳನ್ನು ನಿಜವೇಗದೊಡನೆ ತಾಳೆಹಾಕುವುದಕ್ಕೆ ಅಂಶಶೋಧನವೆಂದು ಹೆಸರು. ಇದರ ಪ್ರಾಚೀನವೂ ಇಂದಿಗೂ ಮಾನ್ಯವೂ ಆದ ವಿಧಾನವು ಅಳೆದ ಮೈಲಿಯ ಓಟ. ದಡದಲ್ಲಿನ ಗುರುತುಗಳ ನಡುವಣ ಒಂದು ನಾವಿಕ ಮೈಲಿಯನ್ನು ದೋಣಿಯು ಒಂದೇ ವೇಗದಲ್ಲಿ ಹೋಗಿ ಬರುವಾಗ ಹಿಡಿದ ಸೆಕೆಂಡುಗಳಿಂದ 3,600ನ್ನು ಭಾಗಿಸಿದರೆ ನಾಟ್‌ಗಳು ದೊರೆಯುತ್ತವೆ. ಇಲ್ಲಿ ಕಾಲಗಳ ಸರಾಸರಿಯನ್ನಲ್ಲದೆ ವೇಗಗಳ ಸರಾಸರಿಯನ್ನೇ ತೆಗೆಯಬೇಕು. ಹೋಗುವಾಗ 180 ಸೆಕೆಂಡು, ಬರುವಾಗ 225 ಸೆಕೆಂಡು ಹಿಡಿಯಿತೆಂದರೆ ವೇಗಗಳು 20 ಮತ್ತು 16, ಸರಾಸರಿ 18 ನಾಟ್. ಇದೇ ಸರಿಯಾದ ಜಲಸಾಪೇಕ್ಷ ವೇಗ. ಕಾಲಗಳನ್ನು ಕೂಡಿಸಿ ಅರ್ಧಿಸಿದವನಿಗೆ 17.8 ಬರುತ್ತದೆ, ಪ್ರವಾಹವು ಬಿರುಸಾದಷ್ಟೂ ಈ ತಪ್ಪು ಬೆಳೆಯುತ್ತದೆ. ಗಾಲಿ ಬಗೆಯ ಸೂಚಕಗಳಲ್ಲಿ ಹೀಗೆ ದೊರೆತ ಅನುಪಾತವನ್ನು ತುಂಬುವ ಸೌಕರ್ಯವಿರುತ್ತದೆ. ಒತ್ತಡ ಬಗೆಯ ಕೆಲವು ಸೂಚಕಗಳಲ್ಲಿ ಮಾತ್ರ ಹಿಂಬದಿಯ ತಿರುಪಿನಿಂದ ಅಲ್ಪಸ್ವಲ್ಪ ತಿದ್ದಬಹುದು.

ಉಪಯೋಗ

ಸಾಮಾನ್ಯ ವಿಹಾರದಲ್ಲಿ ವೇಗಮಾಪಕದ ಅಂಕವು ಸ್ಥೂಲವಾಗಿದ್ದರೂ ನಡೆಯುತ್ತದೆ. ಕರಾರುವಾಕ್ಕಾದ ವೇಗವು ಅನಿವಾರ್ಯವಾಗುವುದು ವಾಟರ್ ಸ್ಕೀಯಿಂಗ್ ಎಂಬ, ದೋಣಿಯ ಹಿಂದೆ ಹಗ್ಗ ಹಿಡಿದು ನೀರಿನ ಮೇಲೆ ಜಾರುವ ಕ್ರೀಡೆಯಲ್ಲಿ. ಮಿನೆಸೋಟಾ ಪ್ರಾಂತದ ಪೆಪಿನ್ ಸರೋವರದಲ್ಲಿ ರಾಲ್ಫ್ ಸ್ಯಾಮ್ಯುಯೆಲ್ಸನನು 1922ರಲ್ಲಿ ಆರಂಭಿಸಿದ ಈ ಕ್ರೀಡೆಯ ಸ್ಲಾಲಮ್ ಸ್ಪರ್ಧೆಯಲ್ಲಿ 259 ಮೀಟರು ಉದ್ದದ ಹಾದಿಯನ್ನು ದೋಣಿಯು ಪುರುಷರಿಗೆ ಗಂಟೆಗೆ 58, ಸ್ತ್ರೀಯರಿಗೆ 55 ಕಿಲೋಮೀಟರಿನ ಗರಿಷ್ಠ ವೇಗದಲ್ಲಿ ದಾಟಬೇಕು. ಕಾಲವಾಗಿ ಹೇಳಿದರೆ ಅನುಕ್ರಮವಾಗಿ 16.08 ಮತ್ತು 16.95 ಸೆಕೆಂಡು. ಎರಡಕ್ಕೂ ನಡುವಣ ಅಂತರ ಒಂದು ಸೆಕೆಂಡಿಗಿಂತ ಕಡಮೆ. ಒತ್ತಡ ಮಾಪಕದ ಮುಳ್ಳನ್ನೊಂದೇ ನಂಬಿ ಇಷ್ಟು ಸೂಕ್ಷ್ಮವನ್ನು ಸಾಧಿಸಲಾಗದೆಂಬುದನ್ನರಿತು ಎಳೆದೋಣಿಗಳಲ್ಲಿ ಎರಡೆರಡು ಸೂಚಕಗಳನ್ನಿಟ್ಟು, ನಿಲ್ಲುಗಡಿಯಾರದಿಂದ ಪ್ರತಿ ಓಟವನ್ನೂ ಪರೀಕ್ಷಿಸುವ ಪದ್ಧತಿ ಬೆಳೆಯಿತು. ಅನಂತರ ಎಂಜಿನ್ನನ್ನು ತಾನಾಗಿ ನಿಯಂತ್ರಿಸುವ ಯಂತ್ರಗಳು ಆ ಹೊಣೆಯನ್ನು ವಹಿಸಿಕೊಂಡುವು. ವೇಗದ ದಾಖಲೆಗಳೂ ದೋಣಿಯ ಸೂಚಕವನ್ನು ಆಧರಿಸುವುದಿಲ್ಲ: ಆಸ್ಟ್ರೇಲಿಯದ ಬ್ಲೋವರಿಂಗ್ ಜಲಾಶಯದಲ್ಲಿ ಕೆನ್ ವಾರ್ಬಿಯು 1978ರ ಅಕ್ಟೋಬರ್ 8ರಂದು ಸ್ಥಾಪಿಸಿದ ಗಂಟೆಗೆ 511 ಕಿಲೋಮೀಟರಿನ ದಾಖಲೆಯು ಅಳೆದ ದೂರವನ್ನು ಎರಡು ದಿಕ್ಕುಗಳಲ್ಲಿ ಕ್ರಮಿಸಿದ ಕಾಲದಿಂದ ಗಣಿತವಾದುದು.

ಇಂದಿನ ಸ್ಥಿತಿ

ಅಮೆರಿಕದ ಜಿಪಿಎಸ್ ವ್ಯವಸ್ಥೆಯು 1995ರಲ್ಲಿ ಪೂರ್ಣವಾಗಿ ಕಾರ್ಯಸಿದ್ಧವಾದುದೂ, ಅದರ ನಾಗರಿಕ ಸಂಕೇತಗಳಿಗೆ ಬುದ್ಧಿಪೂರ್ವಕವಾಗಿ ಬೆರೆಸಲಾಗಿದ್ದ ಅಸ್ಪಷ್ಟತೆಯನ್ನು 2000ದ ಮೇ ತಿಂಗಳಲ್ಲಿ ತೆಗೆದುಹಾಕಿದುದೂ ದೋಣಿಯ ವೇಗಮಾಪನದ ಚಿತ್ರವನ್ನೇ ಬದಲಿಸಿದುವು. ಭಾರತದ ಸ್ವಂತ ನಾವಿಕ್ ಉಪಗ್ರಹಮಾಲೆಯ ಮೊದಲ ಉಪಗ್ರಹವು 2013ರ ಜುಲೈ 1ರಂದು ಉಡಾವಣೆಗೊಂಡಿತು. ಅದರ ನಿರ್ವಹಣಾಕೇಂದ್ರವು ಬೆಂಗಳೂರಿನ ಸಮೀಪದ ಬ್ಯಾಲಾಳುವಿನಲ್ಲಿದೆ. ಕರ್ನಾಟಕದ ಕರಾವಳಿಯಲ್ಲಿ ಮಲ್ಪೆ, ಮಂಗಳೂರು, ಕಾರವಾರ ಮೊದಲಾದ ಬಂದರುಗಳ ಮೀನುಗಾರಿಕೆಯ ದೋಣಿಗಳಲ್ಲಿ ವೇಗವನ್ನು ಉಪಗ್ರಹ ಯಂತ್ರದ ಪರದೆಯಲ್ಲಿ ನೋಡುವ ರೂಢಿಯಿದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ವಿಧಿಸಲ್ಪಡುವ ಮಳೆಗಾಲದ ನಿಷೇಧದ ಅವಧಿಯು ದೋಣಿಯ ತಳವನ್ನು ಕೆರೆದು ಬಣ್ಣ ಬಳಿಯುವ ಕಾಲವೂ ಆಗಿರುವುದರಿಂದ, ತಳದಲ್ಲಿ ಗ್ರಾಹಕವುಳ್ಳ ದೋಣಿಗಳಲ್ಲಿ ಅದಕ್ಕೆ ಬಣ್ಣ ತಗುಲದಂತೆ ಕಾಯ್ದುಕೊಳ್ಳಬೇಕಾದುದು ಆ ತಿಂಗಳುಗಳಲ್ಲಿಯೇ.

ಹೊಸ ದೋಣಿಗಳಲ್ಲಿ ಒತ್ತಡವನ್ನು ಬೂರ್ದಾನ್ ನಳಿಕೆಗೆ ಬದಲಾಗಿ ಗ್ರಾಹಕದ ಬಳಿಯ ವಿದ್ಯುತ್ ಸಂವೇದಕವೇ ಅಳೆದು, ಎಂಜಿನ್ನಿನ ಇತರ ಅಂಕಗಳೊಡನೆ ಒಂದೇ ತಂತಿಯ ಜಾಲದ ಮೂಲಕ ಪರದೆಗೆ ಕಳುಹಿಸುತ್ತದೆ. ಕೊಳವೆಯ ದೋಷಗಳು ಇದರಿಂದ ಬಹುಮಟ್ಟಿಗೆ ಮಾಯವಾದರೂ ಮರಳು ಕಟ್ಟಿದ ರಂಧ್ರದ ದೋಷವು ಹಿಂದಿನಂತೆಯೇ ಉಳಿದಿದೆ. ಜಲಸಾಪೇಕ್ಷ ವೇಗದ ಅಳತೆಯು ಲುಪ್ತವಾಗಿಲ್ಲ. ಸಮುದ್ರದಲ್ಲಿ ಜೀವರಕ್ಷಣೆಗೆ ಸಂಬಂಧಿಸಿದ ಅಂತಾರಾಷ್ಟ್ರೀಯ ಒಪ್ಪಂದದ ಐದನೆಯ ಅಧ್ಯಾಯವು 300 ಟನ್ ಮತ್ತು ಅದಕ್ಕಿಂತ ಮೇಲ್ಪಟ್ಟ ಗಾತ್ರದ ಹಡಗುಗಳಲ್ಲಿ ನೀರಿಗೆ ಹೋಲಿಸಿದ ವೇಗವನ್ನು ತೋರಿಸುವ ಸಾಧನವನ್ನೂ, 50,000 ಟನ್ ಮತ್ತು ಮೇಲ್ಪಟ್ಟವುಗಳಲ್ಲಿ ನೆಲಕ್ಕೆ ಹೋಲಿಸಿದ ವೇಗದ ಸಾಧನವನ್ನೂ ಕಡ್ಡಾಯಗೊಳಿಸಿದೆ; ವಿಹಾರದ ಮೋಟಾರು ದೋಣಿಗಳು ಈ ನಿಯಮದ ವ್ಯಾಪ್ತಿಗೆ ಬರುವುದಿಲ್ಲ.